ಕೊಂಕಣದ ಹಳಿ ಮತ್ತು ಮಧು ದಂಡವತೆ

ಗೋವಾ ರಾಜ್ಯದ ತಿಸ್ವಾಡಿ ತಾಲೂಕಿನಲ್ಲಿ ಕೊರ್ಲಿಮ್ ಎಂಬ ಊರಿದೆ. ಹಳೆಯ ಗೋವೆಯ ಪ್ರಸಿದ್ಧ ಇಗರ್ಜಿಗಳು ಅಲ್ಲಿಗೆ ಸಮೀಪದಲ್ಲಿವೆ. ನೆರೆಯ ಊರು ಕರ್ಮಳಿ. ಅಲ್ಲೊಂದು ದೊಡ್ಡ ಕೆರೆ ಇದೆ. ಚಳಿಗಾಲದಲ್ಲಿ ದೂರ ದೇಶಗಳ ಹಕ್ಕಿಗಳು ಅಲ್ಲಿ ಬಂದು ತಂಗುತ್ತವೆ. ಆ ಕೆರೆಯ ಬದಿಯಲ್ಲೇ ರೈಲು ಹಳಿ ಹಾದುಹೋಗಿದೆ. ಕರ್ಮಳಿ ನಿಲ್ದಾಣವೇ ರಾಜಧಾನಿ ಪಣಜಿಗೆ ಹತ್ತಿರದ ರೈಲು ನಿಲ್ದಾಣ. ಮುಂಬಯಿಯ ಕಡೆಯಿಂದ ಬರುವ ಗಾಡಿಗಳು ಇಲ್ಲಿ ನಿಂತು, ಮಡಗಾಂವ್, ಕಾರವಾರ, ಉಡುಪಿಗಳ ದಾರಿ ಹಿಡಿಯುತ್ತವೆ.

ಇಂದು ಈ ಪ್ರಯಾಣ ನಮಗೆ ಸಹಜವೆನಿಸುತ್ತದೆ. ಆದರೆ 1990ರವರೆಗೂ ಇಲ್ಲಿ ಈ ಹಳಿ ಇರಲಿಲ್ಲ. ಕೊಂಕಣದ ಜನ ಇದಕ್ಕಾಗಿ ತಲೆಮಾರುಗಳ ಕಾಲ ಕಾದಿದ್ದರು. ಅವರ ಆಸೆಯನ್ನು ಸಂಸತ್ತಿನಲ್ಲಿ ಎಡೆಬಿಡದೆ ಮುಂದಿಟ್ಟವರಲ್ಲಿ ಪ್ರೊಫೆಸರ್ ಮಧು ದಂಡವತೆ ಪ್ರಮುಖರು. ಅವರು ಭೌತಶಾಸ್ತ್ರದ ಅಧ್ಯಾಪಕರು, ಸ್ವಾತಂತ್ರ್ಯ ಹೋರಾಟಗಾರರು, ದೇಶದ ರೈಲ್ವೆ ಮಂತ್ರಿಗಳೂ ಹಣಕಾಸು ಮಂತ್ರಿಗಳೂ ಆಗಿದ್ದವರು.

ಮಧು ದಂಡವತೆ ಅವರು 1924ರ ಜನವರಿ 21ರಂದು ಮಹಾರಾಷ್ಟ್ರದ ಅಹಮದನಗರದಲ್ಲಿ ಜನಿಸಿದರು. ಆ ನಗರವನ್ನು ಈಗ ಅಹಿಲ್ಯಾನಗರ ಎಂದು ಕರೆಯುತ್ತಾರೆ. ಉನ್ನತ ಶಿಕ್ಷಣಕ್ಕಾಗಿ ಅವರು ಮುಂಬಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಓದಿ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಲೇಜಾವ್ ಚಳವಳಿ ಆರಂಭವಾಯಿತು. ಗಾಂಧೀಜಿಯವರ ಕರೆಗೆ ಓಗೊಟ್ಟ ಸಾವಿರಾರು ತರುಣರಲ್ಲಿ ಅವರೂ ಒಬ್ಬರು. ಜಯಪ್ರಕಾಶ ನಾರಾಯಣರ ವಿಚಾರಗಳು ಅವರನ್ನು ಸೆಳೆದವು. ಸಮಾಜವಾದಿ ಚಳವಳಿಯೊಡನೆ ಅಂದು ಬೆಳೆದ ನಂಟು ಕೊನೆಯವರೆಗೂ ಉಳಿಯಿತು.

ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿತು. ಬಡವರ ಮಕ್ಕಳು, ದುಡಿದು ಓದುವ ತರುಣರು ಅಲ್ಲಿಗೆ ಬರುತ್ತಿದ್ದರು. ದಂಡವತೆಯವರು ಆ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಸುಮಾರು ಇಪ್ಪತ್ತೈದು ವರ್ಷ ಅಲ್ಲಿ ಪಾಠ ಹೇಳಿದರು. ಮುಂದೆ ಸಂಸತ್ತಿನಲ್ಲಿ ಮಾತನಾಡುವಾಗಲೂ ಅವರಲ್ಲಿನ ಅಧ್ಯಾಪಕ ಮರೆಯಾಗಲಿಲ್ಲ. ಅಂಕಿಅಂಶಗಳನ್ನು ಸರಿಯಾಗಿ ಜೋಡಿಸಿ, ನಡುನಡುವೆ ನಗೆಯ ಮಾತು ಸೇರಿಸಿ, ಎದುರು ಪಕ್ಷದವರೂ ಕಿವಿಗೊಡುವಂತೆ ಅವರು ಮಾತನಾಡುತ್ತಿದ್ದರು. ಜನರು ಅವರನ್ನು ಮಂತ್ರಿ ಎನ್ನುವುದಕ್ಕಿಂತ ಪ್ರೊಫೆಸರ್ ಎಂದು ಕರೆದದ್ದೇ ಹೆಚ್ಚು.

ಭಾರತ 1947ರಲ್ಲಿ ಸ್ವತಂತ್ರವಾದರೂ ಗೋವಾ ಪೋರ್ಚುಗೀಸರ ಆಳ್ವಿಕೆಯಲ್ಲೇ ಉಳಿಯಿತು. ಗೋವೆಯ ಬಿಡುಗಡೆಗಾಗಿ 1955ರಲ್ಲಿ ದೊಡ್ಡ ಸತ್ಯಾಗ್ರಹ ನಡೆಯಿತು. ಮಹಾರಾಷ್ಟ್ರ, ಕರ್ನಾಟಕ ಮತ್ತು ಇತರ ಪ್ರಾಂತಗಳಿಂದ ಸತ್ಯಾಗ್ರಹಿಗಳು ತಂಡ ತಂಡವಾಗಿ ಗಡಿ ದಾಟಿದರು. ಅವರ ಕೈಯಲ್ಲಿ ಆಯುಧವಿರಲಿಲ್ಲ. ದಂಡವತೆಯವರೂ ಅಂಥ ಒಂದು ತಂಡದ ಮುಂದಾಳಾಗಿ ಹೋಗಿ ಪೋರ್ಚುಗೀಸ್ ಪೊಲೀಸರ ಪೆಟ್ಟು ತಿಂದರು. ಆ ವರ್ಷದ ಆಗಸ್ಟ್ 15ರಂದು ಪೋರ್ಚುಗೀಸರು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು.

ಆಗ ಗೋವೆಗೆ ಇದ್ದದ್ದು ಒಂದೇ ರೈಲುಮಾರ್ಗ. ಅದು ಮುರಗಾಂವ್ ಬಂದರಿನಿಂದ ಹೊರಟು, ದೂಧಸಾಗರ ಜಲಪಾತದ ಬಳಿ ಘಟ್ಟ ಹತ್ತಿ, ಕ್ಯಾಸಲ್‌ರಾಕ್ ಮೂಲಕ ಲೋಂಡಾದ ಕಡೆಗೆ ಬರುತ್ತಿತ್ತು. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ, 1880ರ ದಶಕದ ಕೊನೆಯಲ್ಲಿ ಆ ಮಾರ್ಗ ತೆರೆದಿತ್ತು. ಸತ್ಯಾಗ್ರಹದ ಬಳಿಕ ಗಡಿ ದಾಟುವ ಗಾಡಿಗಳ ಓಡಾಟವೂ ನಿಂತುಹೋಯಿತು. ಗೋವಾ 1961ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಘಟ್ಟದ ದಾರಿ ಮತ್ತೆ ತೆರೆಯಿತು. ಆದರೆ ಕರಾವಳಿಯ ಉದ್ದಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಒಂದು ಹಳಿಯೂ ಇರಲಿಲ್ಲ.

ಹಳಿ ಇಲ್ಲದ ಕಷ್ಟ ಏನೆಂಬುದನ್ನು ಕೊಂಕಣದ ಮನೆಮನೆಯೂ ಬಲ್ಲದು. ಸಹ್ಯಾದ್ರಿ ಮತ್ತು ಸಮುದ್ರದ ನಡುವಿನ ಈ ಕಿರಿದಾದ ನೆಲದಲ್ಲಿ ಗದ್ದೆಗಳು ಸಣ್ಣವು, ಕೈಗಾರಿಕೆಗಳು ಕಡಿಮೆ. ರತ್ನಾಗಿರಿ, ಸಾವಂತವಾಡಿಗಳ ಗಂಡಸರು ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಅವರು ಕಳುಹಿಸುವ ಮನಿಆರ್ಡರ್‌ನಿಂದ ಊರಿನ ಒಲೆ ಉರಿಯುತ್ತಿತ್ತು. ಗಣೇಶ ಚತುರ್ಥಿಗೆ ಊರಿಗೆ ಬರಬೇಕಾದರೆ ಹಡಗು ಹತ್ತಬೇಕು, ಇಲ್ಲವೇ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಇಡೀ ರಾತ್ರಿ ಕಳೆಯಬೇಕು. ಮಳೆಗಾಲದಲ್ಲಿ ಕಡಲ ಪಯಣ ಅಪಾಯದ್ದು. ಮುಂಬಯಿಯಿಂದ ರೇವಸ್‌ಗೆ ಹೊರಟಿದ್ದ ರಾಮದಾಸ ಎಂಬ ಹಡಗು 1947ರ ಜುಲೈ 17ರಂದು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಉತ್ತರ ಕನ್ನಡದ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಕಾರವಾರ, ಕುಮಟೆ, ಹೊನ್ನಾವರಗಳ ಎಷ್ಟೋ ಮಕ್ಕಳು ರೈಲನ್ನು ಚಿತ್ರದಲ್ಲಷ್ಟೇ ಕಂಡಿದ್ದರು.

ಮಹಾರಾಷ್ಟ್ರದ ರಾಜಾಪುರ ಲೋಕಸಭಾ ಕ್ಷೇತ್ರವನ್ನು 1957ರಿಂದ ಬ್ಯಾರಿಸ್ಟರ್ ನಾಥ ಪೈ ಪ್ರತಿನಿಧಿಸುತ್ತಿದ್ದರು. ಅವರು ವೆಂಗುರ್ಲೆಯವರು, ಒಳ್ಳೆಯ ವಾಗ್ಮಿ. ಕೊಂಕಣಕ್ಕೆ ರೈಲು ಬೇಕೆಂದು ಅವರು ಸಂಸತ್ತಿನಲ್ಲಿ ಮತ್ತೆ ಮತ್ತೆ ವಾದಿಸಿದರು. ಆದರೆ 1971ರ ಜನವರಿಯಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಅದೇ ವರ್ಷ ನಡೆದ ಚುನಾವಣೆಯಲ್ಲಿ ಆ ಕ್ಷೇತ್ರದಿಂದ ಮಧು ದಂಡವತೆ ಗೆದ್ದರು. ಅಂದಿನಿಂದ ಸತತವಾಗಿ ಐದು ಬಾರಿ ಜನ ಅವರನ್ನೇ ಆರಿಸಿದರು. ನಾಥ ಪೈ ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಅವರು ತಮ್ಮ ಹೆಗಲಿಗೆ ಏರಿಸಿಕೊಂಡರು.

ಆ ಕೆಲಸ ಮುಂದುವರಿಯುವ ಮೊದಲು ಇನ್ನೊಂದು ಪರೀಕ್ಷೆ ಎದುರಾಯಿತು. 1975ರ ಜೂನ್‌ನಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆಗ ದಂಡವತೆಯವರು ಸಂಸದೀಯ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದರು. ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ ಅವರೂ ಅಲ್ಲಿದ್ದರು. ಅವರೆಲ್ಲರನ್ನೂ ಬಂಧಿಸಲಾಯಿತು. ದಂಡವತೆಯವರು ಬಹುಕಾಲ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಪತ್ನಿ ಪ್ರಮೀಳಾ ದಂಡವತೆ ಪುಣೆಯ ಯೆರವಡಾ ಸೆರೆಮನೆಯಲ್ಲಿದ್ದರು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ರಾಜ್ಯಗಳ ಸೆರೆಮನೆಗಳಿಂದ ಪತ್ರ ಬರೆದು ಪರಸ್ಪರ ಧೈರ್ಯ ಹೇಳಿಕೊಂಡರು. ಬೆಂಗಳೂರಿನ ಆ ಹಳೆಯ ಸೆರೆಮನೆಯ ಜಾಗದಲ್ಲಿ ಇಂದು ಸ್ವಾತಂತ್ರ್ಯ ಉದ್ಯಾನವಿದೆ.

1977ರ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಿತು. ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಕೆಲವೇ ತಿಂಗಳ ಹಿಂದೆ ಕೈದಿಯಾಗಿದ್ದ ದಂಡವತೆಯವರು ರೈಲ್ವೆ ಮಂತ್ರಿಯಾದರು. 1974ರ ಮೇ ತಿಂಗಳಲ್ಲಿ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ದೇಶದಾದ್ಯಂತ ರೈಲ್ವೆ ಮುಷ್ಕರ ನಡೆದಿತ್ತು. ಅದರಲ್ಲಿ ಭಾಗವಹಿಸಿದ ಸಾವಿರಾರು ನೌಕರರು ಕೆಲಸ ಕಳೆದುಕೊಂಡಿದ್ದರು. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದೇ ಹೊಸ ಮಂತ್ರಿಯ ಮೊದಲ ಕೆಲಸಗಳಲ್ಲಿ ಒಂದಾಯಿತು. ನೌಕರರ ಮನಸ್ಸು ಕಹಿಯಾಗಿದ್ದರೆ ಗಾಡಿಗಳು ಸರಿಯಾಗಿ ಓಡಲಾರವು ಎಂಬುದನ್ನು ಅವರು ಬಲ್ಲವರಾಗಿದ್ದರು.

ಅವರ ಎರಡನೆಯ ಕೆಲಸ ಸಾಮಾನ್ಯ ಪ್ರಯಾಣಿಕರಿಗೆ ಸಂಬಂಧಿಸಿದ್ದು. ಆಗ ಎರಡನೆಯ ದರ್ಜೆಯ ಬೋಗಿಗಳಲ್ಲಿ ಮಲಗುವ ಹಲಗೆಗಳು ಬರಿಯ ಮರದವು. ಎರಡು ರಾತ್ರಿ ಅದರ ಮೇಲೆ ಮಲಗಿ ಬಂದವರಿಗೆ ಮೈಕೈ ನೋವು ತಪ್ಪುತ್ತಿರಲಿಲ್ಲ. ದಂಡವತೆಯವರು ಆ ಹಲಗೆಗಳ ಮೇಲೆ ಎರಡು ಇಂಚು ದಪ್ಪದ ಮೆತ್ತನೆಯ ಹಾಸು ಹಾಕಿಸಲು ಆರಂಭಿಸಿದರು. ಮೊದಲ ದರ್ಜೆಯ ಸೌಕರ್ಯವನ್ನು ಕೆಳಗಿಳಿಸುವುದು ಅವರ ಉದ್ದೇಶವಾಗಿರಲಿಲ್ಲ. ಎರಡನೆಯ ದರ್ಜೆಯನ್ನು ಮೇಲಕ್ಕೆತ್ತುವುದು ಅವರಿಗೆ ಬೇಕಾಗಿತ್ತು. ಇಂದು ಎರಡನೆಯ ದರ್ಜೆಯ ಮಲಗುವ ಬೋಗಿಯಲ್ಲಿ ಮೆತ್ತನೆಯ ಹಾಸಿನ ಮೇಲೆ ಒರಗುವವರಲ್ಲಿ ಹೆಚ್ಚಿನವರಿಗೆ ಅದರ ಹಿಂದಿನ ಕಥೆ ಗೊತ್ತಿರಲಾರದು.

1977ರ ಡಿಸೆಂಬರ್‌ನಲ್ಲಿ ಮುಂಬಯಿ ಮತ್ತು ಹೌರಾ ನಡುವೆ ಗೀತಾಂಜಲಿ ಎಕ್ಸ್‌ಪ್ರೆಸ್ ಓಡತೊಡಗಿತು. ಅದರಲ್ಲಿ ಮೊದಲ ದರ್ಜೆಯೇ ಇರಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಬೋಗಿ, ಒಂದೇ ಬಗೆಯ ಆಸನ. ವೇಗದ ಗಾಡಿ ಉಳ್ಳವರಿಗಷ್ಟೇ ಎಂಬ ಭಾವನೆಯನ್ನು ಅದು ಅಲುಗಾಡಿಸಿತು. ಟಿಕೆಟ್ ಕಾಯ್ದಿರಿಸುವ ಕೆಲಸಕ್ಕೆ ಕಂಪ್ಯೂಟರ್ ತರುವ ಪ್ರಯತ್ನವೂ ಅವರ ಕಾಲದಲ್ಲೇ ಮೊದಲಾಯಿತು. ಕೈಬರಹದ ದೊಡ್ಡ ಪುಸ್ತಕಗಳಲ್ಲಿ ಹೆಸರು ಬರೆಯುವಾಗ ಆಗುತ್ತಿದ್ದ ತಪ್ಪು ಮತ್ತು ಮೋಸವನ್ನು ತಡೆಯಲು ಅದು ಬೇಕಾಗಿತ್ತು. 1980ರ ದಶಕದಲ್ಲಿ ಅದು ಕೈಗೂಡಿತು.

ಹಾಗಾದರೆ ಕೊಂಕಣದ ಹಳಿಯ ಗತಿ ಏನಾಯಿತು? ರೈಲ್ವೆ ಮಂತ್ರಿಯೇ ಕೊಂಕಣದ ಪ್ರತಿನಿಧಿ ಆಗಿರುವಾಗ ಮಾರ್ಗ ಕೂಡಲೇ ಸಿದ್ಧವಾಗುತ್ತದೆಂದು ಅಲ್ಲಿನ ಜನ ನಂಬಿದ್ದರು. ಆದರೆ ಮಂತ್ರಿಯ ಎದುರು ಇಡೀ ದೇಶದ ಬೇಡಿಕೆಗಳಿದ್ದವು, ಹಣ ಕಡಿಮೆಯಿತ್ತು. ಮುಂಬಯಿಯ ಕಡೆಯಿಂದ ಬಂದ ಹಳಿ ಆಗ ಆಪ್ಟಾ ಎಂಬಲ್ಲಿ ನಿಂತಿತ್ತು. ಅಲ್ಲಿಂದ ರೋಹಾವರೆಗೆ ಸುಮಾರು 62 ಕಿಲೋಮೀಟರ್ ಮುಂದುವರಿಸಲು 1978ರಲ್ಲಿ ಒಪ್ಪಿಗೆ ದೊರೆಯಿತು. 1979ರಲ್ಲಿ ಸರ್ಕಾರ ಬಿದ್ದುಹೋಯಿತು. ರೈಲು ರೋಹಾ ಮುಟ್ಟಿದ್ದು 1986ರಲ್ಲಿ. ರೋಹಾದಿಂದ ಮಂಗಳೂರಿನವರೆಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು ದಾರಿ ಹಾಗೆಯೇ ಉಳಿದಿತ್ತು. ಮಂತ್ರಿ ಪದವಿ ಕಳೆದುಕೊಂಡ ದಂಡವತೆ ಮತ್ತೆ ಸಂಸತ್ತಿನ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಅದೇ ಬೇಡಿಕೆಯನ್ನು ಮತ್ತೆ ಮುಂದಿಟ್ಟರು.

ಹತ್ತು ವರ್ಷಗಳ ನಂತರ ಅವಕಾಶ ಮತ್ತೆ ಬಂತು. 1989ರ ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಅವರ ಸರ್ಕಾರ ರಚನೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾದರು. ರಾಜಾಪುರದ ಮಧು ದಂಡವತೆ ಹಣಕಾಸು ಮಂತ್ರಿಯಾದರು. ಹಳಿಯ ದಕ್ಷಿಣ ತುದಿಯ ಮಗ ಒಬ್ಬರು, ನಡುಭಾಗದ ಪ್ರತಿನಿಧಿ ಇನ್ನೊಬ್ಬರು. ರೈಲ್ವೆಯ ಮಾಮೂಲಿ ಬಜೆಟ್ಟಿನಿಂದ ವರ್ಷಕ್ಕಿಷ್ಟು ಎಂದು ಹಣ ಕೊಟ್ಟರೆ ಈ ಮಾರ್ಗ ಮುಗಿಯಲು ದಶಕಗಳೇ ಬೇಕೆಂಬುದು ಇಬ್ಬರಿಗೂ ತಿಳಿದಿತ್ತು. ಆದ್ದರಿಂದ ಬೇರೆ ದಾರಿ ಹುಡುಕಿದರು. ಪ್ರತ್ಯೇಕ ನಿಗಮವೊಂದನ್ನು ಸ್ಥಾಪಿಸುವುದು, ಕೇಂದ್ರವೂ ನಾಲ್ಕು ರಾಜ್ಯಗಳೂ ಅದರಲ್ಲಿ ಬಂಡವಾಳ ಹೂಡುವುದು, ಉಳಿದ ಹಣವನ್ನು ಸಾರ್ವಜನಿಕರಿಂದ ಸಾಲಪತ್ರಗಳ ಮೂಲಕ ಎತ್ತುವುದು ಎಂದು ನಿರ್ಧಾರವಾಯಿತು.

1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ ಪಾಲು 22, ಕರ್ನಾಟಕದ ಪಾಲು 15. ಗೋವಾ ಮತ್ತು ಕೇರಳಗಳ ಪಾಲು ತಲಾ 6. ಕೇರಳದ ನೆಲದಲ್ಲಿ ಈ ಹಳಿ ಒಂದು ಮಾರೂ ಹೋಗುವುದಿಲ್ಲ. ಆದರೂ ತನ್ನ ಜನರ ಮುಂಬಯಿ ಪ್ರಯಾಣ ಹತ್ತಿರವಾಗುವುದೆಂದು ಕೇರಳ ಸೇರಿಕೊಂಡಿತು. ಅನುಭವಿ ಎಂಜಿನಿಯರ್ ಇ. ಶ್ರೀಧರನ್ ಅವರು ನಿಗಮದ ಮುಖ್ಯಸ್ಥರಾದರು. ಸೆಪ್ಟೆಂಬರ್ 15ರಂದು ರೋಹಾದಲ್ಲಿ ಶಂಕುಸ್ಥಾಪನೆ ನಡೆಯಿತು. ಎರಡು ತಿಂಗಳಲ್ಲಿ ಆ ಸರ್ಕಾರವೂ ಬಿದ್ದಿತು. 1991ರ ಚುನಾವಣೆಯಲ್ಲಿ ದಂಡವತೆಯವರು ರಾಜಾಪುರದಲ್ಲಿ ಸೋತರು. ಆದರೆ ಈ ಬಾರಿ ಕೆಲಸ ನಿಲ್ಲಲಿಲ್ಲ. ಮಂತ್ರಿಗಳು ಬದಲಾದರೂ ಉಳಿಯುವಂಥ ಒಂದು ಸಂಸ್ಥೆ ಅಲ್ಲಿತ್ತು.

ಹೊಸ ಮಾರ್ಗದ ದಾರಿ ಸುಲಭವಾಗಿರಲಿಲ್ಲ. ರೋಹಾದಿಂದ ಹೊರಟ ಹಳಿ ವೀರ್, ಚಿಪಳೂಣ, ರತ್ನಾಗಿರಿ, ಕುಡಾಳ, ಸಾವಂತವಾಡಿಗಳನ್ನು ದಾಟಿ ಗೋವೆಯ ಪೆಡಣೆ ತಲುಪುತ್ತದೆ. ಅಲ್ಲಿಂದ ಥಿವಿಮ್, ಕರ್ಮಳಿ, ಮಡಗಾಂವ್, ಕಾಣಕೋಣ. ಮುಂದೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿಗಳ ಮೂಲಕ ಮಂಗಳೂರಿನ ಹತ್ತಿರದ ತೋಕೂರನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 740 ಕಿಲೋಮೀಟರ್. ಸಹ್ಯಾದ್ರಿಯಿಂದ ಕಡಲಿಗೆ ಓಡುವ ಹೊಳೆಗಳನ್ನೆಲ್ಲ ಈ ಹಳಿ ಅಡ್ಡಲಾಗಿ ದಾಟಬೇಕು. ಹೊಳೆಗಳ ನಡುವಿನ ಗುಡ್ಡಗಳನ್ನು ಕೊರೆಯಬೇಕು. ಹೀಗಾಗಿ ಚಿಕ್ಕವೂ ದೊಡ್ಡವೂ ಸೇರಿ ಸುಮಾರು ಎರಡು ಸಾವಿರ ಸೇತುವೆಗಳು, ತೊಂಬತ್ತಕ್ಕೂ ಹೆಚ್ಚು ಸುರಂಗಗಳು ಬೇಕಾದವು.

ರತ್ನಾಗಿರಿಯ ಸಮೀಪದ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದವಿದೆ. ಅಲ್ಲಿಯೇ ಪಾನವಲ್ ಕಣಿವೆಯ ಸೇತುವೆ 64 ಮೀಟರ್ ಎತ್ತರದಲ್ಲಿ ನಿಂತಿದೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕಟ್ಟಿದ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದ್ದು, ಈ ಮಾರ್ಗದಲ್ಲಿ ಅದೇ ಅತಿ ಉದ್ದದ್ದು. ಗಟ್ಟಿ ಬಂಡೆಯನ್ನು ಕೊರೆಯಲು ಸ್ವೀಡನ್ ದೇಶದಿಂದ ಯಂತ್ರಗಳನ್ನು ತರಿಸಲಾಯಿತು. ಆದರೆ ಗೋವೆಯ ಗಡಿಯ ಪೆಡಣೆಯಲ್ಲಿ ಎದುರಾದದ್ದು ಬಂಡೆಯಲ್ಲ, ನೀರು ತುಂಬಿದ ಮೆತ್ತನೆಯ ಮಣ್ಣು. ಕೊರೆದಷ್ಟೂ ಮೇಲಿನಿಂದ ಕುಸಿಯುತ್ತಿತ್ತು. ಒಂದೂವರೆ ಕಿಲೋಮೀಟರ್ ಉದ್ದದ ಆ ಒಂದು ಸುರಂಗಕ್ಕೆ ವರ್ಷಗಳೇ ಹಿಡಿದವು. ಈ ಮಾರ್ಗವನ್ನು ಕಟ್ಟುವಾಗ ಹಲವಾರು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಗೋವೆಯ ಜನರಲ್ಲಿ ಒಂದು ಆತಂಕವೂ ಇತ್ತು. ಅಲ್ಲಿ ಹಳಿಯ ಉದ್ದ ಸುಮಾರು 105 ಕಿಲೋಮೀಟರ್. ಕಡಲಿನ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಬೆಳೆ ತೆಗೆಯುವ ಗದ್ದೆಗಳನ್ನು ಗೋವೆಯವರು ಖಜಾನ್ ಎನ್ನುತ್ತಾರೆ. ಉತ್ತರ ಕನ್ನಡದವರು ಗಜನಿ ಎನ್ನುತ್ತಾರೆ. ಎತ್ತರದ ಮಣ್ಣಿನ ದಿಬ್ಬದ ಮೇಲೆ ಹಳಿ ಹಾಯ್ದರೆ ಆ ಗದ್ದೆಗಳ ನೀರಿನ ಹರಿವು ಕೆಡುವುದೆಂದು ರೈತರು ಹೇಳಿದರು. ಕರ್ಮಳಿಯ ಕೆರೆ, ಅಲ್ಲಿನ ಹಕ್ಕಿಗಳು, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಳೆಯ ಗೋವೆಯ ಕಟ್ಟಡಗಳ ಬಗ್ಗೆಯೂ ಚಿಂತೆಯಿತ್ತು. ಮಾರ್ಗವನ್ನು ಒಳನಾಡಿಗೆ ಸರಿಸಬೇಕೆಂಬ ಒತ್ತಾಯ ಬೆಳೆಯಿತು. 1993ರಲ್ಲಿ ಕೆಲಸವನ್ನು ಕೆಲಕಾಲ ತಡೆಹಿಡಿದು, ನಿವೃತ್ತ ನ್ಯಾಯಮೂರ್ತಿ ಓಝಾ ಅವರಿಂದ ವಿಚಾರಣೆ ನಡೆಸಲಾಯಿತು. ಬಳಿಕ ಮೂಲ ಮಾರ್ಗದಲ್ಲೇ ಕೆಲಸ ಮುಂದುವರಿಯಿತು. ರೈಲು ಬೇಕೆಂದವರ ಮಾತಿನಲ್ಲೂ ನಿಜವಿತ್ತು. ಗದ್ದೆ, ಕೆರೆ ಉಳಿಯಬೇಕೆಂದವರ ಮಾತಿನಲ್ಲೂ ನಿಜವಿತ್ತು. ದೊಡ್ಡ ಕೆಲಸಗಳನ್ನು ಕೈಗೊಳ್ಳುವವರು ಎರಡನ್ನೂ ಕೇಳಿಸಿಕೊಳ್ಳಬೇಕೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

1993ರ ಮಾರ್ಚ್ 20ರಂದು ಮಂಗಳೂರು ಮತ್ತು ಉಡುಪಿಯ ನಡುವೆ ಮೊದಲ ಪ್ರಯಾಣಿಕರ ಗಾಡಿ ಓಡಿತು. ಒಂದೊಂದೇ ತುಂಡು ಸೇರುತ್ತ ಹೋಗಿ 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಆ ವರ್ಷದ ಮೇ 1ರಂದು ಪ್ರಧಾನಿ ವಾಜಪೇಯಿ ಅವರು ಅದನ್ನು ದೇಶಕ್ಕೆ ಅರ್ಪಿಸಿದರು. ತಗುಲಿದ ವೆಚ್ಚ ಸುಮಾರು 3,500 ಕೋಟಿ ರೂಪಾಯಿ. ಮೊದಲು ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ 2,041 ಕಿಲೋಮೀಟರ್ ಸುತ್ತಬೇಕಾಗಿತ್ತು. ಅದು 914 ಕಿಲೋಮೀಟರಿಗೆ ಇಳಿಯಿತು. ಚತುರ್ಥಿಗೆ ಊರಿಗೆ ಹೊರಟ ಕಾರ್ಮಿಕ ಸಂಜೆ ಗಾಡಿ ಹತ್ತಿ ಬೆಳಿಗ್ಗೆ ತನ್ನ ಊರಿನ ಹತ್ತಿರವೇ ಇಳಿಯುವಂತಾಯಿತು.

ಆಗ ದಂಡವತೆಯವರಿಗೆ ಎಪ್ಪತ್ನಾಲ್ಕು ವರ್ಷ. 1996ರಿಂದ 1998ರವರೆಗೆ ಅವರು ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದರು. ಇಷ್ಟು ಹುದ್ದೆಗಳನ್ನು ಕಂಡರೂ ಅವರ ಬದುಕು ಸರಳವಾಗಿಯೇ ಇತ್ತು. ಪ್ರಮೀಳಾ ಅವರೂ ಲೋಕಸಭೆಯ ಸದಸ್ಯೆಯಾಗಿ, ಮಹಿಳೆಯರ ಹಕ್ಕುಗಳಿಗಾಗಿ ಹೋರಾಡಿ ಹೆಸರಾದವರು. ಅವರು 2001ರ ಕೊನೆಯಲ್ಲಿ ತೀರಿಕೊಂಡರು. ಮಧು ದಂಡವತೆಯವರು 2005ರ ನವೆಂಬರ್ 12ರಂದು ಮುಂಬಯಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ದಾನ ಮಾಡಲಾಯಿತು. ಜೀವಮಾನವಿಡೀ ಪಾಠ ಹೇಳಿದ ಅಧ್ಯಾಪಕರು ಸತ್ತ ಮೇಲೂ ವಿದ್ಯಾರ್ಥಿಗಳ ಓದಿಗೆ ನೆರವಾದರು.

ಕೊಂಕಣದ ಹಳಿಯನ್ನು ಹಾಕಿದವರು ಒಬ್ಬರಲ್ಲ. ಅದಕ್ಕಾಗಿ ನಾಥ ಪೈ ದನಿ ಎತ್ತಿದರು. ಫರ್ನಾಂಡಿಸ್ ಅವಸರಪಡಿಸಿದರು, ಶ್ರೀಧರನ್ ಕಟ್ಟಿಸಿದರು. ರೈತರು ನೆಲ ಬಿಟ್ಟುಕೊಟ್ಟರು, ಕೂಲಿಗಳು ಬೆವರನ್ನೂ ಕೆಲವರು ಪ್ರಾಣವನ್ನೂ ಕೊಟ್ಟರು. ಆ ಸಾಲಿನಲ್ಲಿ ದಂಡವತೆಯವರದು ಇಪ್ಪತ್ತು ವರ್ಷಗಳ ಪಟ್ಟುಬಿಡದ ದುಡಿಮೆ. ಅಧಿಕಾರ ಇದ್ದಾಗಲೂ ಇಲ್ಲದಾಗಲೂ ಅವರ ಬೇಡಿಕೆ ಬದಲಾಗಲಿಲ್ಲ.

2022ರಲ್ಲಿ ಈ ಮಾರ್ಗ ಪೂರ್ತಿಯಾಗಿ ವಿದ್ಯುದೀಕರಣಗೊಂಡಿತು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಇಂದಿಗೂ ಇದೆ. ಆ ತಿಂಗಳುಗಳಲ್ಲಿ ಗಾಡಿಗಳು ಬೇರೆ ವೇಳಾಪಟ್ಟಿಯಂತೆ ನಿಧಾನವಾಗಿ ಓಡುತ್ತವೆ. ಕಾವಲುಗಾರರು ಹಗಲಿರುಳು ಹಳಿಯ ಮೇಲೆ ನಡೆದು ನೋಡುತ್ತಾರೆ. ಐವತ್ತು ವರ್ಷಗಳ ಹಿಂದೆ ಇಂಥ ಹಳಿಗಾಗಿ ವಾದಿಸಿದ ಆ ಅಧ್ಯಾಪಕರು, ಅದೇ ಗೋವೆಯ ಬಿಡುಗಡೆಗಾಗಿ ಬರಿಗೈಯಲ್ಲಿ ಗಡಿ ದಾಟಿ ಪೆಟ್ಟು ತಿಂದಿದ್ದರು. ಕರ್ಮಳಿಯ ಕೆರೆಯ ಪಕ್ಕದಲ್ಲಿ ಗಾಡಿ ನಿಂತಾಗ ಇಳಿಯುವ ಹತ್ತುವ ಜನರಿಗೆ ಇಂದು ಆ ಗಡಿಯೂ ಇಲ್ಲ, ಆ ಸುತ್ತು ದಾರಿಯೂ ಇಲ್ಲ.